ಹಗ್ಗದ ಬೆಲೆ

ಮಾಡುವ ಕೆಲಸವು ಯಾವುದೇ ಆಗಲಿ, ಅದನ್ನು ಮನಃಪೂರ್ವಕವಾಗಿ ಮಾಡಿದರೆ ಕಾಯಕವಾಯಿತೆಂದು ಜನರು ಸಾಮಾನ್ಯವಾಗಿ ತಿಳಿಯುತ್ತಾರೆ. ಇದು ಅರ್ಧಸತ್ಯ. ಮಾಡಿದ ಕೆಲಸಕ್ಕೆ ಎಷ್ಟನ್ನು ಪಡೆಯಬಹುದು, ಎಷ್ಟನ್ನು ಪಡೆಯಲಾಗದು ಎಂಬ ವಿಚಾರವೂ ಕಾಯಕತತ್ತ್ವದಲ್ಲಿ ಅಡಕವಾಗಿದೆ. ಈ ಎರಡನೆಯ ವಿಷಯದಲ್ಲಿ ಶರಣರು ತೋರಿದ ಕಟ್ಟುನಿಟ್ಟು ಬಹುಮಟ್ಟಿಗೆ ಮರೆತುಹೋಗಿದೆ.

ಹಾಸನ ಸೀಮೆಯ ಒಂದು ನಿತ್ಯದ ಸಂಗತಿಯನ್ನು ನೋಡಬಹುದು. ಮುಂಗಾರು ಹಿಡಿದೊಡನೆ ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿಯೂ ಅರಕಲಗೂಡು, ಹೊಳೆನರಸೀಪುರಗಳ ಹೊಲಗದ್ದೆಗಳ ಬದುಗಳಲ್ಲಿಯೂ ಹುಲ್ಲು ಮೊಣಕಾಲುದ್ದ ಏಳುತ್ತದೆ. ಹಿಂದೆ ಕುಡುಗೋಲಿನಿಂದ ಸವರುತ್ತಿದ್ದರು. ಆಳುಗಳು ದೊರೆಯುವುದು ದುರ್ಲಭವಾಗಲು, ಪೆಟ್ರೋಲಿನಿಂದ ನಡೆಯುವ ಕಳೆ ಕತ್ತರಿಸುವ ಯಂತ್ರವು ಮನೆಮನೆಗೆ ಬಂದಿತು. ತುದಿಯಲ್ಲಿ ಗಿರ್ರನೆ ಸುತ್ತುವ ನೈಲಾನ್ ದಾರ, ಹಿಂದೆ ಎಂಜಿನ್ನು. ಅದರ ಹಗ್ಗದ ಹಿಡಿಯನ್ನು ಎಳೆದರೆ ಯಂತ್ರವು ಹೊರಡಬೇಕು. ಒಂದು ಬೆಳಗ್ಗೆ ಹಗ್ಗವು ಬರುವುದಿಲ್ಲ. ರೈತನು ಸಿಟ್ಟಿನಿಂದ ಜಗ್ಗುತ್ತಾನೆ. ಜಗ್ಗಿದಷ್ಟೂ ಅದು ಬಿಗಿಯುತ್ತದೆ. ಕಡೆಗೆ ಯಂತ್ರವನ್ನು ಬೈಕಿಗೆ ಕಟ್ಟಿಕೊಂಡು ಹಾಸನದ ರಿಪೇರಿ ಅಂಗಡಿಗೆ ಬರುತ್ತಾನೆ.

ಹಗ್ಗ ಸಿಕ್ಕಿಕೊಂಡುದಕ್ಕೆ ಕಾರಣವು ಹಗ್ಗದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಬಲ್ಲವನು ಮೊದಲು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಎಳೆದು ನೋಡುತ್ತಾನೆ. ಆಗ ಸಲೀಸಾಗಿ ಬಂದರೆ ಸಿಲಿಂಡರಿನಲ್ಲಿ ಪೆಟ್ರೋಲು ತುಂಬಿಕೊಂಡಿತ್ತೆಂದು ಅರ್ಥ. ಬಾರದಿದ್ದರೆ ಸ್ಟಾರ್ಟರಿನ ಮುಚ್ಚಳದ ಸ್ಕ್ರೂಗಳನ್ನು ತೆಗೆಯುತ್ತಾನೆ. ಮುಚ್ಚಳದೊಳಗಿನ ರಾಟೆಯು ಬಿಡಿಯಾಗಿ ತಿರುಗಿದರೆ ದೋಷವು ಎಂಜಿನ್ನಿನದು. ಟೂ ಸ್ಟ್ರೋಕ್ ಎಂಜಿನ್ನಿಗೆ ಲೀಟರು ಪೆಟ್ರೋಲಿಗೆ 20 ರಿಂದ 40 ಮಿಲಿಲೀಟರಿನಷ್ಟು, ತಯಾರಕರು ಹೇಳಿದ ಪ್ರಮಾಣದಲ್ಲಿ ಎಣ್ಣೆ ಬೆರೆಸಬೇಕು. ಅದನ್ನು ಮರೆತರೆ ಪಿಸ್ಟನ್ನು ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ, ಖರ್ಚೂ ದೊಡ್ಡದು. ರಾಟೆಯೇ ತಿರುಗದಿದ್ದರೆ ಹಗ್ಗವು ತನ್ನ ಕೊರೆಯಿಂದ ಜಾರಿ ಪಕ್ಕದಲ್ಲಿ ಸಿಕ್ಕಿರಬೇಕು, ಇಲ್ಲವೆ ಹುಲ್ಲು ಧೂಳು ಸೇರಿರಬೇಕು. ಅದನ್ನು ಬಿಡಿಸಿ, ಹಗ್ಗವನ್ನು ಸುತ್ತಿ, ಸುರುಳಿ ಸ್ಪ್ರಿಂಗಿಗೆ ಬಿಗುವು ಕೊಟ್ಟು ಕೂಡಿಸಿದರೆ ಕೆಲಸ ಮುಗಿಯಿತು. (ಆ ಸ್ಪ್ರಿಂಗು ಅಜಾಗರೂಕತೆಯಿಂದ ಬಿಚ್ಚಿದವನ ಕಣ್ಣಿಗೆ ಚಿಮ್ಮುವುದುಂಟು; ಅರಿಯದವರು ಅದಕ್ಕೆ ಕೈಹಾಕದಿರುವುದೇ ಲೇಸು.)

ರೈತನ ಕಣ್ಣಿಗೆ ಕಾಣುವುದಾದರೋ ಸಿಕ್ಕಿಕೊಂಡ ಹಗ್ಗ ಒಂದೇ. ಮುಚ್ಚಳದೊಳಗೆ ಇದ್ದುದು ಹುಲ್ಲಿನ ಎಳೆಯೋ ಸುಟ್ಟ ಪಿಸ್ಟನ್ನೋ ಎಂಬುದನ್ನು ಬಲ್ಲವನು ರಿಪೇರಿಯವನೊಬ್ಬನೇ. ಹುಲ್ಲಿನ ಎಳೆಯನ್ನು ತೆಗೆದು, ಸ್ಪ್ರಿಂಗು ಮುರಿದಿತ್ತೆಂದು ಹಣ ಪಡೆಯುವವನು ಕಳ್ಳನೆಂಬುದರಲ್ಲಿ ವಿವಾದವಿಲ್ಲ. ಕಾಲು ಗಂಟೆಯ ಕೆಲಸವಾದರೂ ಅದರ ಹಿಂದೆ ಹತ್ತು ವರ್ಷದ ಕಲಿಕೆಯಿದೆ, ಆ ಕಲಿಕೆಗೆ ಬೆಲೆಯುಂಟು ಎಂದು ಬಾಯಿಬಿಟ್ಟು ಕೇಳಿ ಪಡೆಯುವವನನ್ನು ದೂಷಿಸುವಂತೆಯೂ ಇಲ್ಲ. ಕಠಿಣವಾದ ಪ್ರಶ್ನೆ ಬೇರೆಯಿದೆ. ಶುಂಠಿಯ ಪಾತಿಯ ಅಂಚಿನಲ್ಲಿ ಕಳೆ ಬೆಳೆಯುತ್ತಿರುವ ಚಿಂತೆಯಲ್ಲಿದ್ದ ರೈತನು ಯಂತ್ರವು ಸದ್ದು ಮಾಡಿದೊಡನೆ ಹಿಗ್ಗಿ, ತಾನಾಗಿಯೇ ಹೆಚ್ಚು ಹಣವನ್ನು ಮುಂದಿಡುತ್ತಾನೆ. ಯಾರೂ ಸುಳ್ಳಾಡಲಿಲ್ಲ. ಅದನ್ನು ತೆಗೆದುಕೊಳ್ಳಬಹುದೆ?

12ನೆಯ ಶತಮಾನದ ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮದಾಸೋಹ ನಡೆಸಿದವರು. ಶೂನ್ಯಸಂಪಾದನೆಯ ಸಂಪ್ರದಾಯದಲ್ಲಿ ಬರುವ ಅವರ ಪ್ರಸಂಗವು ಪ್ರಸಿದ್ಧವಾದುದು. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಇಷ್ಟಲಿಂಗವನ್ನೂ ಲಕ್ಷಿಸದೆ ಅವರು ಕಾಯಕದಲ್ಲಿಯೇ ನಿರತರಾದರು. ಬೆನ್ನುಹತ್ತಿ ಬಂದ ಲಿಂಗವನ್ನು, ಮಡಿವಾಳ ಮಾಚಯ್ಯನವರ ಮಾತಿಗೆ ಒಪ್ಪಿ, ತಾನೂ ಕಾಯಕ ಮಾಡಬೇಕೆಂಬ ನಿಬಂಧನೆಯ ಮೇಲೆ ಸ್ವೀಕರಿಸಿದರು. ಹಗ್ಗವನ್ನು ಮಾರಲು ಹೋದ ಲಿಂಗದೇವನಿಗೆ ಬಸವಣ್ಣನವರು ಹಗ್ಗದ ಬೆಲೆಯನ್ನು ಬಹುವಾಗಿ ಮೀರಿದ ಹಣವನ್ನು ಕೊಟ್ಟರು. ಚಂದಯ್ಯನವರು ಅದನ್ನು ಒಪ್ಪಲಿಲ್ಲ.

ಇಲ್ಲಿ ವಂಚನೆಯ ಲೇಶವೂ ಇಲ್ಲ. ಕೊಟ್ಟವರು ಬಸವಣ್ಣನವರು, ಮಾರಿದವನು ಸಾಕ್ಷಾತ್ ಲಿಂಗದೇವ, ಹಣವು ಸಲ್ಲಬೇಕಾದುದು ದಾಸೋಹಕ್ಕೆ. ಇಷ್ಟಿದ್ದೂ ಅದು ಏಕೆ ಸಲ್ಲಲಿಲ್ಲ? ಆ ಹೆಚ್ಚಿನ ಹಣವು ಹಗ್ಗದಿಂದ ಹುಟ್ಟಿದುದಲ್ಲ, ಕೊಡುವವರ ಭಕ್ತಿಯಿಂದ ಹುಟ್ಟಿದುದು. ಒಮ್ಮೆ ಅದರ ರುಚಿ ಹತ್ತಿದರೆ ಮರುದಿನ ಹೊಸೆಯುವವನ ದೃಷ್ಟಿಯು ಹಗ್ಗದ ಮೇಲೆ ನಿಲ್ಲದೆ ಕೊಳ್ಳುವವನ ಮುಖದ ಮೇಲೆ ನಿಲ್ಲುವುದು. ರೈತನು ಹಿಗ್ಗಿ ಕೊಡುವ ಹಣವೂ ರಿಪೇರಿಯಿಂದ ಹುಟ್ಟಿದುದಲ್ಲ. ಅವನ ಆತಂಕವು ಕಳೆದುದರಿಂದಲೂ ಮುಚ್ಚಳದೊಳಗಣ ಸಂಗತಿಯನ್ನು ಅವನು ಅರಿಯದುದರಿಂದಲೂ ಹುಟ್ಟಿದುದು. ಆದುದರಿಂದ ರಿಪೇರಿಯವನು ಮುಚ್ಚಳವನ್ನು ಅವನೆದುರಿಗೇ ಬಿಚ್ಚಿ, ಸಿಕ್ಕಿದ್ದ ಎಳೆಯನ್ನು ಅವನ ಅಂಗೈಯಲ್ಲಿಟ್ಟು, ಬಳಿಕ ಕೂಲಿಯನ್ನು ಹೇಳತಕ್ಕದ್ದು. ಅದನ್ನು ಕಂಡೂ ಕೊಡುವ ಹಣದಲ್ಲಿ ದೋಷವಿಲ್ಲ.

ಆದರೆ ಹೀಗೆ ತೋರಿಸಿದವನ ಗತಿ ಏನಾಗುತ್ತದೆಂಬುದನ್ನು ಅಂಗಡಿಯ ಮುಂದೆ ನಿಂತು ನೋಡಬೇಕು. “ಇಷ್ಟೇನೇನಪ್ಪ! ಒಂದು ಹುಲ್ಲುಕಡ್ಡಿ ತೆಗೆದದ್ದಕ್ಕೆ ದುಡ್ಡೆ?” ಎಂದು ಗಿರಾಕಿಯು ಚೌಕಾಸಿಗೆ ತೊಡಗುತ್ತಾನೆ. ಅದೇ ಗಿರಾಕಿಯು ಪಕ್ಕದ ಅಂಗಡಿಯಲ್ಲಿ, ಸ್ಪ್ರಿಂಗು ಹೋಗಿತ್ತೆಂಬ ಸುಳ್ಳಿಗೆ ಇಮ್ಮಡಿ ಹಣವನ್ನು ಮರುಮಾತಿಲ್ಲದೆ ಎಣಿಸಿ ಕೊಡುತ್ತಾನೆ. ಸತ್ಯಕ್ಕೆ ಕಡಿಮೆ ಕೂಲಿ, ಸುಳ್ಳಿಗೆ ಹೆಚ್ಚು ಕೂಲಿ ಎಂಬ ಈ ಪದ್ಧತಿಯನ್ನು ನಡೆಸುತ್ತಿರುವವನು ರಿಪೇರಿಯವನೊಬ್ಬನೇ ಅಲ್ಲ. ಹಣೆಯಲ್ಲಿ ವಿಭೂತಿ ಧರಿಸಿ ಕಾಯಕದ ಮಾತನ್ನಾಡುವ ಗೃಹಸ್ಥನ ಪಾಲೂ ಅದರಲ್ಲಿ ಸಮನಾಗಿಯೇ ಇದೆ. ಅಂಗೈಯಲ್ಲಿ ಹುಲ್ಲಿನ ಎಳೆಯನ್ನು ಹಿಡಿದು ನಿಂತ ಆ ಗೃಹಸ್ಥನು ಹೇಳಿದ ಕೂಲಿಯನ್ನು ಸಂತೋಷದಿಂದ ಕೊಟ್ಟು, ಎಣ್ಣೆ ಬೆರೆಸುವ ಪ್ರಮಾಣವನ್ನು ಇನ್ನೊಮ್ಮೆ ಕೇಳಿ ತಿಳಿದುಕೊಂಡು, ಮಳೆ ಬರುವ ಮುನ್ನ ಊರು ಸೇರಲಿ.