ವರುಷ ವರುಷದ ನಿಲುವಂಗಿ
ಓದತಕ್ಕ ಭಾಗ: 1 ಸಮುವೇಲ 2:18–21



ಏಪ್ರಿಲ್ 10ರ ಸುಮಾರಿಗೆ ನಮ್ಮ ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ವರುಷದ ಫಲವನ್ನು ತಿಳಿಸಿ ಮಕ್ಕಳನ್ನು ಬೇಸಗೆಯ ರಜೆಗೆ ಬಿಡುತ್ತಾರೆ. ಆ ಸಾಯಂಕಾಲ ನಮ್ಮವರಲ್ಲಿ ಕೆಲವರು ಮನೆಯಲ್ಲಿ ಚಾಪೆ ಹಾಸಿ, ನೆರೆಯವರನ್ನು ಕರೆದು, ಮಗುವಿನ ಅಂಕಪಟ್ಟಿಯನ್ನು ಸತ್ಯವೇದದ ಬಳಿಯಲ್ಲಿಟ್ಟು ಸ್ತೋತ್ರಪ್ರಾರ್ಥನೆ ಮಾಡಿ, ಶಾವಿಗೆಯ ಪಾಯಸವನ್ನು ಹಂಚುವುದುಂಟು. ಇದು ಒಳ್ಳೇ ವಾಡಿಕೆ. ಜೋಳದ ರಾಶಿ ಮನೆಗೆ ಬಂದಾಗ ದೇವರನ್ನು ಕೊಂಡಾಡುವ ನಾವು, ಮಗು ಒಂದು ವರುಷ ಓದಿ ಬಂದಾಗ ಸುಮ್ಮನಿರುವುದು ಯುಕ್ತವೋ?

ಹನ್ನಳೆಂಬ ತಾಯಿಯನ್ನು ನೆನಸಿಕೊಳ್ಳಿರಿ. ಆಕೆಯು ತನ್ನ ಮಗನಾದ ಸಮುವೇಲನನ್ನು ಶೀಲೋವಿನಲ್ಲಿ ಕರ್ತನ ಸೇವೆಗೆ ಬಿಟ್ಟುಬಂದ ಮೇಲೆ, ಗಂಡನ ಸಂಗಡ ವಾರ್ಷಿಕ ಯಜ್ಞಕ್ಕೆ ಹೋಗುವಾಗಲೆಲ್ಲಾ ಅವನಿಗೆ ಒಂದು ಚಿಕ್ಕ ನಿಲುವಂಗಿಯನ್ನು ಮಾಡಿಕೊಂಡು ಹೋಗುತ್ತಿದ್ದಳು. ಮಗನು ಕಣ್ಣೆದುರಿನಲ್ಲಿಲ್ಲ, ಅಳತೆಗೆ ನಿಲ್ಲಿಸುವ ಹಾಗೂ ಇಲ್ಲ. ಹೋದ ವರುಷದ ಅಳತೆಗೆ ಹೊಲಿದರೆ ತೋಳು ಗಿಡ್ಡವಾಗುವುದು. ಆದಕಾರಣ, ಇಷ್ಟು ಬೆಳೆದಿರಬೇಕು ಎಂದು ಮನಸ್ಸಿನಲ್ಲಿಯೇ ಅಳೆದು, ಎರಡು ಬೆರಳು ಹೆಚ್ಚಿಗೆ ಬಿಟ್ಟು ಹೊಲಿದಿರಬೇಕೆಂದು ನಮಗೆ ತೋರುತ್ತದೆ. ಶಾಸ್ತ್ರದಲ್ಲಿ ಇಷ್ಟೆಲ್ಲಾ ಬರೆದಿಲ್ಲ, ನಿಜ. ಆದರೆ ಮಕ್ಕಳ ಬಟ್ಟೆ ಹೊಲಿದ ತಾಯಂದಿರಿಗೆ ಇದನ್ನು ಬರೆದು ತಿಳಿಸಬೇಕಾಗಿಲ್ಲ.

ಇಂಥ ದಿನದಲ್ಲಿ ನಾವೇ ಮಾಡಿದ ತಪ್ಪೊಂದನ್ನು ಮರೆಮಾಡುವುದಿಲ್ಲ. ಕೆಲವು ವರುಷಗಳ ಹಿಂದೆ ನಮ್ಮ ಮನೆಯಲ್ಲಿ ಹೆಚ್ಚು ಅಂಕ ತಂದ ಹಿರಿಯವನನ್ನು ಎದುರಿನಲ್ಲಿ ನಿಲ್ಲಿಸಿ, ಅವನ ಹೆಸರು ಹೇಳಿ ಪ್ರಾರ್ಥಿಸಿದೆವು. ಕಿರಿಯವನ ಹೆಸರು ನಮ್ಮ ಬಾಯಿಗೆ ಬರಲಿಲ್ಲ. ಆಮೆನ್ ಹೇಳಿ ಕಣ್ಣು ತೆರೆದಾಗ ಅವನು ಕದದ ಹಿಂದೆ ನಿಂತಿದ್ದನು, ಪಾಯಸಕ್ಕೂ ಬರಲಿಲ್ಲ. ಅವನೂ ಆ ವರುಷವೆಲ್ಲಾ ದಿನಾಲು ಶಾಲೆಗೆ ನಡೆದುಹೋಗಿದ್ದನಲ್ಲವೇ? ಅಂದಿನಿಂದ ನಾವು ಎಲ್ಲಿ ಹೋದರೂ ಮೊದಲು ಹಿಂದೆ ನಿಂತಿರುವ ಮಗುವಿನ ಹೆಸರು ಕೇಳಿಕೊಳ್ಳುತ್ತೇವೆ.

ಈಚೆಗೆ ಒಂದು ಹಳ್ಳಿಯಲ್ಲಿ ಇಂಥದೇ ಪ್ರಾರ್ಥನೆಗೆ ನಮ್ಮನ್ನು ಕರೆದಿದ್ದರು. ಆ ಮನೆಯ ಹುಡುಗಿಯು 7ನೆಯ ತರಗತಿಯನ್ನು ಮುಗಿಸಿದ್ದಳು; ಊರಿನ ಶಾಲೆಯೂ ಅಲ್ಲಿಗೇ ಮುಗಿಯುತ್ತದೆ. ಪ್ರಾರ್ಥನೆಗೆ ಮುಂಚೆ ಅವಳ ತಂದೆಯು ನಮ್ಮನ್ನು ಹೊರಗೆ ಕರೆದು, "ಉಪದೇಶಿಯವರೇ, ದೇವರ ದಯದಿಂದ ಇವಳ ಓದು ಮುಗಿಯಿತು. ಇನ್ನು ಆಡು ಕಾಯಲಿ, ಚಿಕ್ಕವನನ್ನು ನೋಡಿಕೊಳ್ಳಲಿ. ಅದಕ್ಕಾಗಿ ಚೆನ್ನಾಗಿ ಸ್ತೋತ್ರ ಮಾಡಿರಿ" ಅಂದನು. ಅವನು ಕೆಟ್ಟವನಲ್ಲ. ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋದರೆ ಮಾತ್ರ ಒಲೆ ಹೊತ್ತುವ ಮನೆ ಅದು. ಮುಂದಿನ ಶಾಲೆಯಾದರೋ ಇನ್ನೊಂದು ಊರಿನಲ್ಲಿದೆ. ಆದರೂ ಮುಗಿಯದಿರುವದನ್ನು ಮುಗಿಯಿತೆಂದು ನಾವು ಹೇಗೆ ಸ್ತೋತ್ರ ಮಾಡೋಣ?

ಪ್ರಿಯರೇ, ಇದನ್ನು ನೀವೆಲ್ಲರೂ ತಿಳಿದಿರುವುದು ಅವಶ್ಯ. 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ, 6ರಿಂದ 14 ವಯಸ್ಸಿನ ಮಕ್ಕಳಿಗೆ 8ನೆಯ ತರಗತಿಯವರೆಗಿನ ಶಿಕ್ಷಣವು ಉಚಿತವೂ ಕಡ್ಡಾಯವೂ ಆಗಿದೆ. ಊರಿನ ಶಾಲೆಯಲ್ಲಿ ಅಷ್ಟರವರೆಗೆ ತರಗತಿ ಇಲ್ಲದಿದ್ದರೆ ಬೇರೆ ಶಾಲೆಗೆ ಹೋಗುವ ಹಕ್ಕು ಮಗುವಿಗುಂಟು. ನಾವು ಟಿ.ಸಿ. ಎನ್ನುವ ವರ್ಗಾವಣೆ ಪತ್ರವನ್ನು ಮುಖ್ಯೋಪಾಧ್ಯಾಯರು ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಹಿಂದಕ್ಕೆ ಕಳುಹಿಸಕೂಡದು. ಸರಕಾರಿ ಪ್ರೌಢಶಾಲೆಯಲ್ಲಿಯೂ ಮಧ್ಯಾಹ್ನದ ಬಿಸಿಯೂಟವುಂಟು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನಿನವರು ಸಭೆಯ ಸಂಗಡ ಶಾಲೆಗಳನ್ನೂ ಕಟ್ಟಿದರೆಂಬುದನ್ನು ನಮ್ಮ ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ. ಆ ಹೆಮ್ಮೆಯ ಮಾತನ್ನಾಡುವ ಮನೆಯಲ್ಲಿ ಹುಡುಗಿಯ ಪುಸ್ತಕವನ್ನು ಅಟ್ಟಕ್ಕೇರಿಸುವುದು ನಮಗಂತೂ ಸರಿಗಾಣದು.

ಇದನ್ನೆಲ್ಲಾ ನಾವು ಅಂದು ವಾದ ಮಾಡಿ ಹೇಳಲಿಲ್ಲ. ಒಳಗೆ ಹೋಗಿ ಕುಳಿತು, ಹನ್ನಳ ಭಾಗವನ್ನು ಓದೆಂದು ಆ ಹುಡುಗಿಯ ಕೈಗೇ ಸತ್ಯವೇದವನ್ನು ಕೊಟ್ಟೆವು. ಅವಳು ತಡವರಿಸದೆ ಓದಿದಳು. ಅಕ್ಷರ ಬಾರದ ಅವಳ ಅಜ್ಜಿಯು ಗೋಡೆಗೆ ಒರಗಿ ಕೇಳುತ್ತಿದ್ದಳು. ಓದಿ ಮುಗಿದ ಮೇಲೆ ಆಕೆಯು, "ಅಯ್ಯಾ, ಆ ತಾಯಿ ಎಷ್ಟು ವರುಷ ಅಂಗಿ ಒಯ್ದಳು?" ಎಂದು ಕೇಳಿದಳು. ಲೆಕ್ಕ ಬರೆದಿಲ್ಲ, ವರುಷ ವರುಷವೂ ಒಯ್ಯುತ್ತಿದ್ದಳೆಂದು ಮಾತ್ರ ಇದೆ, ಅಂದೆವು.

"ಹಾಗಾದರೆ ನಡುವೆ ಬಿಡಲಿಲ್ಲ" ಎಂದು ಹೇಳಿ ಅಜ್ಜಿಯು ಮಗನ ಕಡೆಗೆ ತಿರುಗಿ, "ಕೇಳಿದಿಯೇನು, ಯಪ್ಪಾ? ಚಿಕ್ಕವನನ್ನು ನಾನು ನೋಡಿಕೊಳ್ಳುತ್ತೇನೆ. ಕಾಲು ನೋಯುತ್ತದೆ ನಿಜ, ತೊಟ್ಟಿಲು ತೂಗಲಿಕ್ಕೆ ಕಾಲು ಬೇಕಾಗಿಲ್ಲ" ಅಂದಳು.

ತಂದೆಯು ಉತ್ತರ ಕೊಡಲಿಲ್ಲ. ನಾವು ಆ ಮಗುವಿಗೋಸ್ಕರವೂ, ಮೂಲೆಯಲ್ಲಿ ಕುಳಿತಿದ್ದ ಅವಳ ತಮ್ಮನಿಗೋಸ್ಕರವೂ, ಕಳೆದ ವರುಷಕ್ಕಾಗಿ ಸ್ತೋತ್ರವನ್ನೂ ಬರುವ ಜೂನ್ ತಿಂಗಳಿಗಾಗಿ ವಿಜ್ಞಾಪನೆಯನ್ನೂ ಮಾಡಿ, ಪಾಯಸ ಉಂಡು ಹಿಂದಿರುಗಿದೆವು. ಆ ರಾತ್ರಿ ನಮಗೆ ಬೇಗನೆ ನಿದ್ರೆ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವನು ಆಡಿನ ಹಗ್ಗವನ್ನು ಹೆಗಲಿಗೆ ಹಾಕಿಕೊಂಡೇ ನಮ್ಮ ಬಾಗಿಲಿಗೆ ಬಂದನು. ಟಿ.ಸಿ.ಗೆ ಅರ್ಜಿ ಹೇಗೆ ಬರೆಯಬೇಕೆಂದು ಕೇಳಿದನು. ಆಮೇಲೆ, ಮುಂದಿನ ಊರಿಗೆ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂದನು. ಅರ್ಜಿಯನ್ನು ನಾವು ಬರೆಯಲಿಲ್ಲ. ಮಗಳನ್ನೇ ಕರೆಸಿ ಬರೆಯಿಸಿದೆವು. ಅವನು ಅದರ ಕೆಳಗೆ ಹೆಬ್ಬೆರಳೊತ್ತಿದನು.