ಪಂಜರದ ಗಿಳಿ ಮತ್ತು ಎರಡನೆಯ ಶೀಲ

*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಕಳೆದ ಭಾನುವಾರ ತ್ರಿಸರಣ, ಪಂಚಶೀಲ ಮುಗಿದ ಮೇಲೆ ಒಬ್ಬರು ಕೇಳಿದರು: “ಮೇಷ್ಟ್ರೇ, ಕೊಲ್ಲಬಾರದು ಅಂತ ಶೀಲ ಹೇಳ್ತದೆ. ಸಾಕಬಾರದು ಅಂತ ಎಲ್ಲೈತೆ? ನಮ್ಮನೆ ಗಿಳಿಗೆ ಮಕ್ಕಳು ತಾವು ತಿನ್ನೋ ಸೀಬೆಹಣ್ಣನ್ನೇ ಕೊಡ್ತಾವೆ.” ಪ್ರಾಮಾಣಿಕ ಪ್ರಶ್ನೆ. ನಮ್ಮ ಹುಣಸೂರು, ಕೋಟೆ ಕಡೆ ಜಗುಲಿಯಲ್ಲಿ ಪಂಜರ ತೂಗುಹಾಕಿದ ಮನೆಗಳಿವೆ. ಆ ಮನೆಯವರು ಕ್ರೂರಿಗಳೇನಲ್ಲ.

ಉತ್ತರ ಎರಡನೆಯ ಶೀಲದಲ್ಲಿದೆ: ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದಿಲ್ಲ. ಗಿಳಿ ಮರದ ಪೊಟರೆಯಲ್ಲೋ, ಸುಳಿ ಬಿದ್ದ ತೆಂಗಿನಮರದ ತೂತಿನಲ್ಲೋ ಮೊಟ್ಟೆಯಿಡುತ್ತದೆ. ಅಲ್ಲಿಗೆ ಕೈಹಾಕಿ, ಪುಕ್ಕ ಬಲಿಯದ ಮರಿಯನ್ನು ತೆಗೆದು ಮಾರುತ್ತಾರೆ. ಆ ಮರಿಯನ್ನು ತಾಯಿ ಕೊಡಲಿಲ್ಲ, ಮರಿ ತಾನಾಗಿ ಬರಲಿಲ್ಲ. ನಾವು ದುಡ್ಡು ಕೊಟ್ಟದ್ದು ಕದ್ದವನಿಗೆ. ಉಪಾಸಕರು ಮಾಡಬಾರದೆಂದು ಬುದ್ಧರು ಹೇಳಿದ ಐದು ವ್ಯಾಪಾರಗಳಲ್ಲಿ ಜೀವಿಗಳ ವ್ಯಾಪಾರವೂ ಒಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ನಮ್ಮ ನಾಡಗಿಳಿಯನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ.

“ಚೆನ್ನಾಗಿ ನೋಡ್ಕೋತೀವಲ್ಲ?” ಈ ಮಾತು ನಮಗೆ ಹೊಸದಲ್ಲ. ಜೀತಕ್ಕಿಟ್ಟುಕೊಂಡವರೂ ಹೇಳುತ್ತಿದ್ದುದು ಇದನ್ನೇ: ಹೊಟ್ಟೆಗೆ ಹಾಕ್ತೀವಿ, ಬಟ್ಟೆ ಕೊಡ್ತೀವಿ, ಮನೆಮಗನ ಹಂಗೆ ನೋಡ್ಕೋತೀವಿ. ಜೀತ ಪದ್ಧತಿಯನ್ನು ರದ್ದು ಮಾಡಿ 1976ರಲ್ಲಿ ಕಾಯ್ದೆ ಬಂದದ್ದು ಒಡೆಯರ ಊಟ ರುಚಿಯಿರಲಿಲ್ಲವೆಂದಲ್ಲ. ಬಿಟ್ಟುಹೋಗುವ ಹಕ್ಕಿಲ್ಲದವನಿಗೆ ಎಷ್ಟು ಅನ್ನ ಬಡಿಸಿದರೂ ಅದು ಬಿಡುಗಡೆಗೆ ಸಮವಲ್ಲ. ಗಿಳಿಯನ್ನೂ ನಮ್ಮ ಹಿರಿಯರ ನೋವನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಇಟ್ಟುಕೊಂಡವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ ಎರಡು ಕಡೆಯೂ ಒಂದೇ. ಆ ಮಾತನ್ನು ತಲೆಮಾರುಗಟ್ಟಲೆ ಕೇಳಿಸಿಕೊಂಡ ನಾವು ಅದನ್ನೇ ಆಡಬಾರದು.

ಹಾಗಾದರೆ ಇವತ್ತೇ ಪಂಜರದ ಬಾಗಿಲು ತೆರೆದುಬಿಡೋಣವೇ? ಬೇಡ. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅಹಿಂಸೆಯನ್ನು ಕಟ್ಟಳೆಯೆಂದು ಕಾಣದೆ ತತ್ವವೆಂದು ಕಾಣುತ್ತಾರೆ. ತತ್ವವಾದರೆ ವಿವೇಚನೆಗೆ ಜಾಗವಿರುತ್ತದೆ. ಕೈತುತ್ತು ತಿಂದು ಬೆಳೆದ, ರೆಕ್ಕೆ ಕತ್ತರಿಸಿಕೊಂಡ ಗಿಳಿಗೆ ಮೇವು ಹುಡುಕಲು ಬಾರದು, ಹಾರಲೂ ಆಗದು. ಹೊರಬಿಟ್ಟರೆ ಬೆಕ್ಕಿನ ಪಾಲು. ನಮ್ಮ ಮನಸ್ಸು ಹಗುರವಾಗುತ್ತದೆ, ಅದರ ಜೀವ ಹೋಗುತ್ತದೆ. ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ ಒಪ್ಪಿಸುವುದೇ ಸರಿಯಾದ ದಾರಿ. ಕತ್ತರಿಸಿದ ಗರಿ ಉದುರಿ ಹೊಸ ಗರಿ ಬರುತ್ತದೆ, ಅಲ್ಲಿಯವರೆಗೆ ತಿಳಿದವರ ಆರೈಕೆ ಬೇಕು.

ಒಪ್ಪಿಸುವ ದಿನದವರೆಗೆ ಅದು ನಮ್ಮ ಹೊಣೆ. ರೆಕ್ಕೆ ಪೂರ್ತಿ ಬಿಚ್ಚುವಷ್ಟು ಜಾಗವಿರಲಿ. ನೀರು ದಿನವೂ ಬದಲಾಗಲಿ. ಸೀಬೆ, ಸೊಪ್ಪು, ಹಸಿಮೆಣಸಿನಕಾಯಿ ಕೊಡಬಹುದು. ಚಾಕೊಲೇಟ್, ಟೀ, ಉಪ್ಪಿನ ತಿಂಡಿ, ಬೆಣ್ಣೆಹಣ್ಣು ಕೊಡಬಾರದು. ಹಿಡಿಯಲೇಬೇಕಾದರೆ ಮೆತ್ತನೆ ಬಟ್ಟೆ ಸುತ್ತಿ ಹಿಡಿಯಿರಿ, ಎದೆ ಒತ್ತಬೇಡಿ. ಹಕ್ಕಿಗೆ ನಮ್ಮ ಹಾಗೆ ವಪೆಯಿಲ್ಲ. ಎದೆಗೂಡು ಆಡಿದರಷ್ಟೇ ಅದಕ್ಕೆ ಉಸಿರು. ಮುದ್ದಿನಿಂದ ಬಿಗಿಯಾಗಿ ಅಪ್ಪಿಕೊಂಡರೂ ಉಸಿರು ಕಟ್ಟುತ್ತದೆ.

ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಎಲ್ಲ ಜೀವಿಗಳ ಮೇಲಿನ ಪ್ರೀತಿ ಎಂದು ಬಾಬಾಸಾಹೇಬರು ವಿವರಿಸುತ್ತಾರೆ. ಮಕ್ಕಳು ಗಿಳಿ ಬೇಕೆಂದರೆ ಹಿತ್ತಲಲ್ಲಿ ಒಂದು ಸೀಬೆ ಗಿಡ ನೆಡಿ, ಬೇಸಿಗೆಯಲ್ಲಿ ಮಾಳಿಗೆ ಮೇಲೆ ನೀರಿಡಿ, ಪೊಟರೆಯಿರುವ ಹಳೇ ಮರ ಕಡಿಯಬೇಡಿ. ಗಿಳಿಗಳು ಬರುತ್ತವೆ, ತಿನ್ನುತ್ತವೆ, ಹಾರಿಹೋಗುತ್ತವೆ. ಹಾರಿಹೋಗುವುದನ್ನು ನೋಡಿ ಸಂತೋಷಪಡುವುದನ್ನೂ ಮಕ್ಕಳಿಗೆ ಕಲಿಸೋಣ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.