ಬಿಗಿದುಕೊಂಡದ್ದು

ಉಜ್ಜಿನಿ ಒಳಗೆ ನೋಡು, ಹಂಪಿ ಹೊರಗೆ ನೋಡು ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆಯನ್ನು ಒಮ್ಮೆ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಾನು ಸೊಸೆಯಾಗಿ ಬಂದಾಗ ಈ ಊರು ಕೂಡ್ಲಿಗಿ ತಾಲ್ಲೂಕಿನದು, ಬಳ್ಳಾರಿ ಜಿಲ್ಲೆಯದು. ಈಗ ಕೊಟ್ಟೂರು ತಾಲ್ಲೂಕಾಗಿದೆ; 2021ರಿಂದ ಜಿಲ್ಲೆಯೂ ವಿಜಯನಗರ. ಊರು ಮಾತ್ರ ಇದ್ದಲ್ಲೇ ಇದೆ. ಹಾಗೆಯೇ ಇದ್ದಲ್ಲೇ ಇದ್ದದ್ದು ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಮಾವನವರ ಅಂಬಾಸಿಡರ್ ಕಾರು.

ಅದು 1977ರ ಗಾಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಹುಟ್ಟಿ, ಕಲ್ಕತ್ತೆಯ ಹತ್ತಿರದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಕಾರು 2014ರಲ್ಲಿ ನಿಂತುಹೋಯಿತು. ನಮ್ಮದು ಅದಕ್ಕೂ ಹತ್ತು ವರ್ಷ ಮೊದಲೇ ನಿಂತಿತ್ತು. ಎಂಜಿನ್ನಿನ ಒಳಗೆ ನೀರು ಸೋರಿದೆ, ಸಾವಕಾಶ ನೋಡೋಣ ಎಂದು ಮಾವನವರು ಶೆಡ್ಡಿಗೆ ಹಾಕಿಸಿದ್ದು, ಆ ಸಾವಕಾಶ ಅವರ ಕಾಲಕ್ಕೆ ಬರಲೇ ಇಲ್ಲ. ಅವರು ತೀರಿಕೊಂಡ ಮೇಲೆ ಗುಜರಿಯವನು ಎರಡು ಸಲ ಬಂದು ಹೋದ. ಕೊನೆಗೆ ನನ್ನ ಮೈದುನ, ಅಪ್ಪನ ಗಾಡಿ ಕಾಟಾದ ಮೇಲೆ ತೂಗಲು ಬಿಡುವುದಿಲ್ಲ ಎಂದು ಹಟ ಹಿಡಿದು ಕೊಟ್ಟೂರಿನಿಂದ ಒಬ್ಬ ಹಿರಿಯ ಮಿಸ್ತ್ರಿಯನ್ನು ಕರೆತಂದ.

ಎಂಜಿನ್ ಜಾಮ್ ಆಗಿದೆ ಎಂದು ಗಂಡಸರು ಹೇಳುವುದನ್ನು ನಾವು ಕೇಳಿರುತ್ತೇವೆ. ಒಳಗೆ ಏನಾಗಿರುತ್ತದೆ ಎಂದು ಯಾರೂ ನಮಗೆ ಹೇಳಲು ಹೋಗುವುದಿಲ್ಲ. ನಾನು ಚಹಾ ಕೊಡುವ ನೆಪದಲ್ಲಿ ನಿಂತು ಕೇಳಿದೆ. ಬೀಡಿನ ಬ್ಲಾಕಿನಲ್ಲಿ ನಾಲ್ಕು ದುಂಡನೆಯ ಬಾವಿಗಳು. ಒಂದೊಂದರಲ್ಲಿಯೂ ಒಂದು ಅಲ್ಯೂಮಿನಿಯಮ್ ಪಿಸ್ಟನ್, ಅದರ ಸುತ್ತ ಬಳೆಯಂಥ ಬೀಡಿನ ರಿಂಗುಗಳು. ನೀರು ಇಳಿದು ನಿಂತರೆ ಬಾವಿಯ ಗೋಡೆಗೂ ರಿಂಗಿಗೂ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಒಂದು ಗುಣವಿದೆ: ತಾನು ಯಾವ ಕಬ್ಬಿಣದಿಂದ ಹುಟ್ಟಿತೋ ಅದಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ನಡುವೆ ಇರುವ ಸಂದು ಕೂದಲೆಳೆಯಷ್ಟು. ಅದೂ ತುಂಬಿ, ಇಡೀ ದಿನ ಒಂದರೊಳಗೊಂದು ಓಡಾಡಿಕೊಂಡಿದ್ದವು ಒಂದನ್ನೊಂದು ಅಲ್ಲಾಡಲು ಬಿಡದಂತೆ ಹಿಡಿದು ನಿಲ್ಲುತ್ತವೆ.

ಮೈದುನ ದೊಡ್ಡ ಸುತ್ತಿಗೆ ತಂದಿಟ್ಟಿದ್ದ. ಮಿಸ್ತ್ರಿ ಅದನ್ನು ನೋಡಿ, "ಇದನ್ನ ಒಳಗಿಡ್ರಿ ಅಕ್ಕಾರೆ, ಕಣ್ಣಿಗೆ ಬಿದ್ರ ಕೈ ತಡೆಯಂಗಿಲ್ಲ" ಎಂದು ನನ್ನ ಕೈಗೆ ಕೊಟ್ಟರು. ಪವರ್ ಸ್ಟೇರಿಂಗಿಗೆ ಹಾಕುವ ಕೆಂಪು ಎಣ್ಣೆಗೆ ಅಸಿಟೋನ್ (ಉಗುರಿನ ಬಣ್ಣ ತೆಗೆಯಲು ಬಳಸುತ್ತೇವಲ್ಲ, ಅದೇ) ಬೆರೆಸಿ ನಾಲ್ಕೂ ಬಾವಿಗೆ ಸುರಿದರು. ಮೂರು ವಾರ ದಿನಾಲೂ ಸುರಿಯುವ ಕೆಲಸ ಮೈದುನನದು. ಸುರಿದ ಮೇಲೆ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಬೇಕು. ಹೊಡೆಯುವುದಲ್ಲ, ತಟ್ಟುವುದು, ನಡುಕಕ್ಕೆ ಎಣ್ಣೆ ಇಳಿಯಲು ದಾರಿಯಾಗುತ್ತದೆ. ತುಕ್ಕು ಹಿಡಿದ ನಟ್ಟುಗಳದ್ದು ಇನ್ನೂ ಸೋಜಿಗ. ಪಾನಾ ಹಾಕಿ ಮೊದಲು ಬಿಗಿಯುವ ಕಡೆಗೇ ಒಂದಿಷ್ಟು ತಿರುಗಿಸುತ್ತಾರೆ. ಹಿಡಿತ ಸಡಿಲಿದ ಮೇಲೆಯೇ ಬಿಚ್ಚುವ ಕಡೆಗೆ. ಅದಕ್ಕೂ ಬಗ್ಗದಿದ್ದರೆ ನಟ್ಟನ್ನು ಕಾಯಿಸಿ ಮೇಣ ಮುಟ್ಟಿಸುತ್ತಾರೆ. ಕರಗಿದ ಮೇಣ ಸಂದಿನೊಳಗೆ ಇಳಿಯುತ್ತದೆ. ಉಜ್ಜಿನಿಯವರಿಗೆ ಎಣ್ಣೆಯ ಮಹಿಮೆ ಹೊಸದಲ್ಲ ಬಿಡಿ. ವರ್ಷಕ್ಕೊಮ್ಮೆ ಗುಡಿಯ ಶಿಖರಕ್ಕೇ ಎಣ್ಣೆ ಎರೆಯುವ ಊರು ನಮ್ಮದು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆ ಮೂರು ವಾರ ಸಂಜೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಎಣ್ಣೆಯ ಡಬ್ಬಿ ಹಿಡಿದು ಶೆಡ್ಡಿಗೆ ಹೋಗುತ್ತಿದ್ದ ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಎರಡು ವರ್ಷದಿಂದ ಹರಪನಹಳ್ಳಿಯ ತವರಿನಲ್ಲಿದ್ದಾಳೆ. ಅವರಿಬ್ಬರ ನಡುವಿನದು ಇಲ್ಲಿ ಬರೆಯುವಂಥದ್ದಲ್ಲ. ಹೊಡೆತ ಬಡಿತ ಇರಲಿಲ್ಲ ಎಂಬಷ್ಟು ಹೇಳಬಲ್ಲೆ. ಇದ್ದಿದ್ದರೆ ಎಣ್ಣೆಯ ಮಾತನ್ನೇ ನಾನು ಎತ್ತುತ್ತಿರಲಿಲ್ಲ. ಹಿರಿಯರು ಒಂದು ಮಧ್ಯಾಹ್ನ ಕೂಡಿದರು, ಊಟ ಮಾಡಿದರು, ಚಹಾ ಕುಡಿಯುವುದರೊಳಗೆ ತೀರ್ಮಾನವನ್ನೂ ಹೇಳಿದರು: ಹುಡುಗಿ ಹೊಂದಿಕೊಂಡು ಹೋಗಬೇಕು, ಇಲ್ಲವಾದರೆ ಬೇರೆ ನೋಡೋಣ. ಒಂದು ಜಾಮ್ ಆದ ಎಂಜಿನ್ನಿಗೆ ಮೂರು ವಾರ, ಒಂದು ಸಂಸಾರಕ್ಕೆ ಒಂದು ಮಧ್ಯಾಹ್ನ.

ಹಾಗಾದರೆ ತಾಳ್ಮೆಯೇ ದೊಡ್ಡದೆ? ಹಾಗೆನ್ನಲು ನನಗೆ ಮನಸ್ಸಿಲ್ಲ. ಸ್ವಲ್ಪ ತಾಳು, ಸ್ವಲ್ಪ ತಾಳು ಎಂಬ ಮಾತು ಕೇಳಿಯೇ ಕೂದಲು ಬೆಳ್ಳಗಾದ ಎಷ್ಟೋ ಹೆಂಗಸರನ್ನು ನೀವೂ ಕಂಡಿದ್ದೀರಿ. ಯೋಚಿಸಿದರೆ, ಕಾರನ್ನು ಹತ್ತೊಂಬತ್ತು ವರ್ಷ ಶೆಡ್ಡಿನಲ್ಲಿಟ್ಟದ್ದೂ ತಾಳ್ಮೆಯ ಹೆಸರಿನಲ್ಲೇ. ತುಕ್ಕು ಬೆಳೆದದ್ದೂ ಆಗಲೇ. ಮಿಸ್ತ್ರಿಯ ತಾಳ್ಮೆ ಬೇರೆ ಥರದ್ದು. ಅದರಲ್ಲಿ ದಿನಾಲೂ ಕೈಕೆಲಸವಿತ್ತು. ಎಣ್ಣೆ ಪಿಸ್ಟನ್ನಿಗೂ ತಾಗುತ್ತಿತ್ತು, ಬ್ಲಾಕಿಗೂ ತಾಗುತ್ತಿತ್ತು. ಒಬ್ಬರಿಗಷ್ಟೇ ತಾಳು ಎಂದು ಹೇಳಿ ಉಳಿದವರು ಕೈಕಟ್ಟಿ ಕುಳಿತರೆ ಅದನ್ನು ಶೆಡ್ಡಿಗೆ ಹಾಕುವುದು ಎನ್ನಬೇಕಷ್ಟೆ.

ಮೂರು ಪಿಸ್ಟನ್ ಬಂದವು. ನಾಲ್ಕನೆಯದು ಬರಲಿಲ್ಲ. ಇನ್ನೂ ನಾಲ್ಕು ದಿನ ನೋಡಿ, ಅದನ್ನು ಒಡೆದೇ ತೆಗೆಯಬೇಕು ಎಂದರು ಮಿಸ್ತ್ರಿ. ನಾನು ಕೇಳಿದೆ: "ಅದನ್ನೇ ಯಾಕೆ ಒಡೀಬೇಕ್ರಿ?" ಅವರು ಬ್ಲಾಕಿನ ಮೇಲೆ ಕೊರೆದ ನಂಬರನ್ನು ಒರೆಸಿ ತೋರಿಸಿದರು. ಆರ್‌ಸಿ ಪುಸ್ತಕದಲ್ಲಿರುವ ಎಂಜಿನ್ ನಂಬರು ಅದೇ. ಬ್ಲಾಕ್ ಸೀಳಿದರೆ ಗಾಡಿ ಗಾಡಿಯಾಗಿ ಉಳಿಯುವುದಿಲ್ಲ. "ಪಿಸ್ಟನ್ ಅಂಗಡ್ಯಾಗ ಸಿಗ್ತದ ಅಕ್ಕಾರೆ." ತಲೆಯ ಮೇಲೆ ಡ್ರಿಲ್ಲಿನಿಂದ ತೂತು ಹೊಡೆದು, ಗೋಡೆಗೆ ಗೀರು ಬೀಳದಂತೆ ಚೂರು ಚೂರಾಗಿ ತೆಗೆದರು. ಆಮೇಲೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದೆಂದಾಯಿತು.

ಮಿಸ್ತ್ರಿಯ ಲೆಕ್ಕ ಕಬ್ಬಿಣದ ಮಟ್ಟಿಗೆ ಸರಿ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿರಿಯರು ಮಾಡಿದ್ದೂ ಇದೇ ಲೆಕ್ಕವಲ್ಲವೆ? ಮನೆತನದ ಹೆಸರು ಬ್ಲಾಕಿನ ನಂಬರು, ಅದು ಉಳಿಯಬೇಕು. ಸೊಸೆ ಬೇರೆ ಸಿಗುತ್ತಾಳೆ. ಮೂರು ವಾರ ಪ್ರಯತ್ನಪಟ್ಟು, ಬೇರೆ ದಾರಿಯೇ ಇಲ್ಲವೆಂದ ಮೇಲೆ ಮಿಸ್ತ್ರಿ ಬಂದ ಕಡೆಗೆ ನಮ್ಮವರು ಮೊದಲ ದಿನವೇ ಬಂದಿದ್ದರು. ಅಂಗಡಿಯಲ್ಲಿ ಸಿಗದವಳನ್ನು ಸಿಗುವವಳೆಂದು ಎಣಿಸಿದ್ದರು.

ಮರುದಿನ ಮೈದುನನಿಗೆ ಇಷ್ಟನ್ನೂ ಹೇಳಿದೆ. ಒಡೆದ ಪಿಸ್ಟನ್ನಿನ ಚೂರುಗಳನ್ನು ಒಂದು ಚಿಂದಿಯಲ್ಲಿ ಕಟ್ಟುತ್ತಿದ್ದ, ಕಟ್ಟುತ್ತಲೇ ಇದ್ದ. ಬಹಳ ಹೊತ್ತಿನ ಮೇಲೆ, "ವೈನಿ, ನನಗ ಯಾರೂ ಏನೂ ಮಾಡು ಅಂತ ಹೇಳಲೇ ಇಲ್ಲ" ಎಂದ. ನಿಜ, ಹೇಳಿರಲಿಲ್ಲ. ಎಲ್ಲ ಮಾತೂ ಅವಳಿಗೇ ಹೇಳಿದ್ದು.

ಜಾತ್ರೆ ಮುಗಿದ ಮೇಲೆ ಹಿರಿಯರು ಮತ್ತೆ ಕೂಡುತ್ತಾರೆ. ಈ ಸಲ ಹರಪನಹಳ್ಳಿಯಲ್ಲಿ, ಅವಳ ತವರಿನ ಪಡಸಾಲೆಯಲ್ಲೇ ಕೂಡಬೇಕೆಂದು ನಾನು ಹೇಳಿದೆ. ಮೊದಲು ಅವಳ ಮಾತು ಮುಗಿಯಲಿ, ಅದೇ ದಿನ ತೀರ್ಮಾನ ಬೇಡ ಎಂದೂ ಹೇಳಿದೆ. ಅತ್ತೆಯವರು ಏನೂ ಅನ್ನಲಿಲ್ಲ. ರಾತ್ರಿ ಮಲಗುವ ಮುಂಚೆ ಬಂದು, ಹರಪನಹಳ್ಳಿಗೆ ಹೋಗುವ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು.